ಕಟ್ಟೆಯ ಮೇಲೆ ಎತ್ತಿಕೊಂಡ ಮಗು

ಪ್ರಾರ್ಥನಾಮಂದಿರದ ಅಡಿಗೆಕೋಣೆಯಲ್ಲಿ ಮಗ ಏಪ್ರನ್ ಕಟ್ಟಿಕೊಂಡು ವಾಫಲ್ ಎಂಬ ಸಿಹಿ ದೋಸೆ ಹುಯ್ಯುತ್ತಿರುವುದನ್ನು ಗುನ್ವೋರ್ ಬಾಗಿಲ ಸಂದಿಯಿಂದ ನೋಡಿದಳು. ಒಳಗೆ ಹೋಗುವ ಮನಸ್ಸಾಗಲಿಲ್ಲ. ಕೋಟು ಬಿಚ್ಚದೆ ಹಜಾರದ ಬೆಂಚಿನ ಮೇಲೆ ಕುಳಿತುಬಿಟ್ಟಳು.

ಸಭಾಂಗಣದಲ್ಲಿ ದ್ವೀಪದ ತಾಯಂದಿರು ಕೂಸುಗಳನ್ನು ತೊಡೆಯ ಮೇಲಿಟ್ಟುಕೊಂಡು ಸ್ತೋತ್ರ ಹೇಳಿಕೊಡುತ್ತಿದ್ದರು. ಪ್ರತಿ ಗುರುವಾರವೂ ಹೀಗೆ ಸೇರುವುದು ಅವಳ ಕಾಲದಿಂದಲೂ ಇದ್ದ ಪದ್ಧತಿ. ಅವಳೂ ಮೂವತ್ತು ವರ್ಷದ ಹಿಂದೆ ಇಲ್ಲೇ ಕುಳಿತು ಹಾಡಿದವಳು. ಆಗ ಈ ಸಭೆಗೆ ಗಂಡಸರು ಬರುತ್ತಿರಲಿಲ್ಲ. ಈಗಲೂ ಬರುವವನು ಒಬ್ಬನೇ, ಅವಳ ಮಗ ಸೀವರ್ಟ್.

ಪಕ್ಕದಲ್ಲಿ ಮುದುಕ ಟೋರ್ಗೇರ್ ಕುಳಿತಿದ್ದ. ಒಲೆಯ ಹೊಗೆಕೊಳವೆ ಸರಿಮಾಡುವ ನೆಪದಲ್ಲಿ ಅವನು ಪ್ರತಿ ಗುರುವಾರ ವಾಫಲ್ ತಿನ್ನಲು ಬರುತ್ತಿದ್ದ.

"ಏನು ಗುನ್ವೋರ್, ಆಸ್ಲಾಕನ ದೋಣಿ ಕಟ್ಟಿದಲ್ಲೇ ಪಾಚಿ ಹಿಡೀತಾ ಇದೆ, ಮಗ ಇಲ್ಲಿ ಹಿಟ್ಟು ಕಲಸ್ತಾ ಇದಾನೆ. ಮೀನು ತಾನಾಗೇ ನಡ್ಕೊಂಡು ಬಂದು ಬಾಣಲೇಲಿ ಮಲಗುತ್ತೆ ಅಂದ್ಕೊಂಡಿದಾನೋ ಹೇಗೆ?"

"ನಿಂಗೆ ವಾಫಲ್ ಬೇಕೋ ಬೇಡ್ವೋ?"

"ಬೇಕಪ್ಪ. ಚೆನ್ನಾಗೇ ಮಾಡ್ತಾನೆ. ಅದೇ ನೋಡು ಬೇಜಾರು."

ಗುನ್ವೋರ್ ನಗಲಿಲ್ಲ. ಆಸ್ಲಾಕ್ ಅವಳ ಗಂಡ. ಎಲೆ ಉದುರುವ ಕಾಲದಲ್ಲಿ ಅವನನ್ನು ಮಣ್ಣುಮಾಡಿದ್ದರು. ನಲವತ್ತು ಚಳಿಗಾಲ ಉತ್ತರದ ಕಡಲಿಗೆ ಹೋಗಿ ಮೀನು ತಂದವನು. ಪ್ರತಿ ಸಲವೂ ಮನೆಯನ್ನೂ ಮಗನನ್ನೂ ಅವಳ ಕೈಗೆ ಬಿಟ್ಟು ಹೋಗುತ್ತಿದ್ದವನು. ಅವಳು ಒಂದು ದಿನವೂ ಹೊರಗೆ ದುಡಿಯಲಿಲ್ಲ. ಕರ್ತನು ತನಗೆ ಕೊಟ್ಟ ಕೆಲಸ ಇದೇ ಎಂದು ನಂಬಿದ್ದಳು, ಮನಸ್ಸಿಟ್ಟು ಮಾಡಿದ್ದಳು.

ಮಣ್ಣಿನ ದಿನ ಇದೇ ಸಭಾಂಗಣದಲ್ಲಿ ಎಲ್ಲರಿಗೂ ಕಾಫಿ ಇಟ್ಟಿದ್ದರು. ಟೋರ್ಗೇರ್ ಎದ್ದು ನಿಂತು, ಸತ್ತವನ ಬಗ್ಗೆ ಎಲ್ಲರಿಗೂ ಗೊತ್ತಿದ್ದ ಕಥೆಯನ್ನೇ ಮತ್ತೆ ಹೇಳಿದ. ಸೀವರ್ಟ್ ನಾಲ್ಕು ವರ್ಷದವನಿದ್ದಾಗ ಆಸ್ಲಾಕ್ ಚಳಿಗಾಲದ ಮೀನುಬೇಟೆ ಮುಗಿಸಿ ಬಂದ, ದೋಣಿಯಿಂದ ಕಡಲ ಕಟ್ಟೆಗೆ ಹಾರಿದವನೇ ಎದುರು ನಿಂತ ಹುಡುಗನನ್ನು ಎತ್ತಿ ಮುದ್ದಿಟ್ಟ, ಹುಡುಗ ಕಿರುಚಿಕೊಂಡ, ನೋಡಿದರೆ ಅದು ಟೋರ್ಗೇರನ ಮಗ! ಸೀವರ್ಟ್ ಅಮ್ಮನ ಲಂಗ ಹಿಡಿದು ಪಕ್ಕದಲ್ಲೇ ನಿಂತಿದ್ದ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಗುನ್ವೋರ್ ಕೂಡ ನಕ್ಕಳು. ಸೀವರ್ಟ್ ಕಪ್ಪನ್ನು ತಟ್ಟೆಯ ಮೇಲಿಟ್ಟು ಎದ್ದುಹೋದ. ಸಮಾಧಿಯ ಬಳಿಯೂ ಅವನು ಅತ್ತಿರಲಿಲ್ಲ.

ಮರುವಾರವೇ ಅವನು ಅಪ್ಪನ ದೋಣಿ ಕಟ್ಟಿಹಾಕಿದ. "ಆಸ್ಲೌಗ್ ದೊಡ್ಡೋಳಾಗೋವರೆಗೆ ನಾನು ಮನೇಲಿರ್ತೀನಿ. ಸಿಗ್ನೆ ಲಾಂಚಿಗೆ ಹೋಗ್ಲಿ" ಎಂದ. ಸಿಗ್ನೆ ಅವನ ಹೆಂಡತಿ. ದ್ವೀಪಕ್ಕೂ ದಡಕ್ಕೂ ಕಾರು ದಾಟಿಸುವ ಲಾಂಚಿನಲ್ಲಿ ಬದಲಿ ಕ್ಯಾಪ್ಟನ್. ಅವರ ಮಗಳು ಆಸ್ಲೌಗ್‌ಗೆ ಆಗ ಆರು ತಿಂಗಳು. ಆಸ್ಲಾಕ್ ಎಂಬ ತಾತನ ಹೆಸರಿನ ಜಾಡಿನಲ್ಲೇ ಹೆಸರಿಟ್ಟಿದ್ದರು. ಹೆಸರು ತಾತನದು, ಬದುಕು ಮಾತ್ರ ತಾತನಂತೆ ಬೇಡವೆಂದರೆ ಅದು ಗೋರಿಗೆ ಕಲ್ಲು ಹೊಡೆದಂತಲ್ಲವೇ ಎಂದು ಗುನ್ವೋರ್ ಎಷ್ಟೋ ಸಲ ಕರ್ತನನ್ನು ಕೇಳಿದ್ದಳು.

ಇವತ್ತು ಎಲ್ಲವೂ ತೀರ್ಮಾನವಾಗುವ ದಿನ. ಲಾಂಚು ಕಂಪನಿಯವರು ಸಿಗ್ನೆಗೆ ಖಾಯಂ ಹುದ್ದೆ ಕೊಡುವುದಾಗಿ ಹೇಳಿದ್ದರು. ಇಂದು ಸಂಜೆಯೊಳಗೆ ಅವಳು ಉತ್ತರ ಹೇಳಬೇಕಿತ್ತು. ಹೌದೆಂದರೆ ಅಪ್ಪನ ದೋಣಿ ಮಾರಿಬಿಡುತ್ತೇನೆ ಎಂದು ಸೀವರ್ಟ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಒಳಗಿನಿಂದ ಹೆಂಗಸರ ನಗು ಕೇಳಿಸಿತು. "ಸೀವರ್ಟ್, ನಿನ್ನ ಏಪ್ರನ್ ನನ್ನ ಗಂಡನಿಗೆ ಕಳಿಸ್ಕೊಡು, ಮೂರ್ತಿ ತರ ಸೋಫಾ ಮೇಲೆ ಕೂತಿರ್ತಾನೆ!" ಇದು ಯೋರುನ್‌ಳ ದನಿ. ಅವಳ ಗಂಡು ಕೂಸು ಈವರ್, ಆಸ್ಲೌಗ್‌ಳ ಓರಗೆಯವನು.

ಗುನ್ವೋರ್ ಎದ್ದಳು.

"ಎಲ್ಲಿಗೆ?" ಎಂದ ಟೋರ್ಗೇರ್.

"ಸ್ವಲ್ಪ ಗಾಳಿಗೆ."

"ಗಾಳೀನಾ? ಹೊರಗೆ ಮೀಸೆ ಹಾರಿಹೋಗೋ ಹಾಗೆ ಬೀಸ್ತಾ ಇದೆ."

ಹೊರಗೆ ಸೂರಿನ ಕೆಳಗೆ, ಗೋಡೆಗೆ ಒರಗಿಸಿದಂತೆ ಕೂಸಿನ ಗಾಡಿಗಳು ಸಾಲಾಗಿ ನಿಂತಿದ್ದವು. ನಿದ್ದೆಯ ಹೊತ್ತಾದ ಕೂಸುಗಳನ್ನು ಉಣ್ಣೆಯಲ್ಲಿ ಸುತ್ತಿ ಚಳಿಯಲ್ಲೇ ಮಲಗಿಸುವುದು ಅಲ್ಲಿಯ ವಾಡಿಕೆ. ಎಲ್ಲವೂ ಒಂದೇ ನಮೂನೆಯ ಕಪ್ಪು ಗಾಡಿಗಳು, ಎಲ್ಲದರ ಮೇಲೂ ಬೂದು ಬಿಳಿ ಗೆರೆಯ ಹೊದಿಕೆ. ಹೊಸ ಕೂಸು ಹುಟ್ಟಿದ ಮನೆಗೆಲ್ಲ ಗುನ್ವೋರ್ ತಾನೇ ಹೆಣೆದು ಕೊಡುತ್ತಿದ್ದಳು. ಬರುವಾಗ ಸೀವರ್ಟ್ ತನ್ನ ಗಾಡಿಯನ್ನು ಸೌದೆ ಕೊಟ್ಟಿಗೆಯ ಕಡೆಯ ತುದಿಯಲ್ಲಿ ನಿಲ್ಲಿಸಿದ್ದನ್ನು ಅವಳು ನೋಡಿದ್ದಳು.

ಅವಳ ಯೋಚನೆ ಸರಳವಾಗಿತ್ತು. ಲಾಂಚು ಬರುವ ಹೊತ್ತಾಗಿದೆ. ಕಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೂಸನ್ನು ತಾಯಿಯ ಕಣ್ಣೆದುರಿಗೆ ಒಯ್ದು ನಿಲ್ಲಿಸಬೇಕು. ಉತ್ತರ ಹೇಳುವ ಮುಂಚೆ ಸಿಗ್ನೆ ಒಮ್ಮೆ ಅದರ ಮುಖ ನೋಡಿದರೆ ಸಾಕು. ಮಿಕ್ಕದ್ದನ್ನು ದೇವರು ನೋಡಿಕೊಳ್ಳುತ್ತಾನೆ. ಮಗನಿಗೆ ಹೇಳಿದರೆ ಬಿಡುವುದಿಲ್ಲ. ಹೇಳದೆಯೇ ಬ್ರೇಕು ಬಿಡಿಸಿ ತುದಿಯ ಗಾಡಿಯನ್ನು ಇಳಿಜಾರಿಗೆ ತಿರುಗಿಸಿದಳು. ಹೊದಿಕೆ ಎತ್ತಿ ನೋಡಲಿಲ್ಲ. ಮಲಗಿದ ಕೂಸಿನ ಹೊದಿಕೆಯನ್ನು ಆ ದ್ವೀಪದಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಚಳಿ ನುಗ್ಗುತ್ತದೆ, ನಿದ್ದೆ ಕೆಡುತ್ತದೆ.

ಕಟ್ಟೆಗೆ ಇಳಿಯುವ ದಾರಿಯ ಎರಡು ಬದಿಗೂ ಕಡಲು. ನುಣ್ಣನೆಯ ಹಿಮ ಅಡ್ಡಡ್ಡವಾಗಿ ಬೀಸುತ್ತಿತ್ತು. ಚಕ್ರ ಜಾರಿದಾಗ ಅವಳು ಹಿಡಿಕೆಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಳು. ಒಳಗಿನಿಂದ ಒಂದು ಸಣ್ಣ ಕೆಮ್ಮು ಬಂತು.

"ಏನೂ ಇಲ್ಲ ಕಣೇ ಬಂಗಾರಿ, ಅಜ್ಜಿ ಇದೀನಿ" ಎಂದಳು. "ಅಮ್ಮನ್ನ ನೋಡೋಕೆ ಹೋಗ್ತಾ ಇದೀವಿ. ನಿಮ್ಮ ತಾತ ಬರುವಾಗ ನಿಮ್ಮಪ್ಪನ್ನೂ ಹೀಗೇ ತಳ್ಕೊಂಡು ಬರ್ತಿದ್ದೆ."

ಲಾಂಚು ಆಗಲೇ ಬಂದು ನಿಂತಿತ್ತು. ಕಾರುಗಳು ಇಳಿದು ಹೋಗಿದ್ದವು. ಮೇಲಿನ ಗಾಜಿನ ಕೋಣೆಯಿಂದ ಸಿಗ್ನೆ ನೋಡಿರಬೇಕು, ಗುನ್ವೋರ್ ಕೈಬೀಸುವ ಮೊದಲೇ ಕಬ್ಬಿಣದ ಮೆಟ್ಟಿಲನ್ನು ದಡದಡನೆ ಇಳಿದು ಬಂದಳು. ಮಗು ಹುಟ್ಟಿದ ಮೇಲೆ ಅವಳು ಅತ್ತೆಯನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು.

"ಅಜ್ಜಿ, ಏನಾಯ್ತು? ಸೀವರ್ಟ್ ಎಲ್ಲಿ?"

"ಏನೂ ಆಗಿಲ್ಲ. ಮಗು ನಿನ್ನ ನೋಡ್ಬೇಕು ಅಂತಿತ್ತು, ಕರ್ಕೊಂಡು ಬಂದೆ."

"ನಿದ್ದೆ ಮಾಡ್ತಾ ಇರೋ ಮಗು ಯಾವಾಗ ಅಂತು?"

"ಬಾಯಲ್ಲಿ ಹೇಳ್ಬೇಕಾ ಸಿಗ್ನೆ? ನೀನು ತಾಯಿ. ಅವರಿಗೆ ಉತ್ತರ ಕೊಡೋ ಮುಂಚೆ ಒಂದ್ಸಲ ಇದರ ಮುಖ ನೋಡು, ಅಷ್ಟೇ ನಾನು ಕೇಳೋದು."

ಆ ಹೊತ್ತಿಗೆ ಗಾಡಿಯೊಳಗಿನ ಕೂಸು ಎದ್ದು ಅಳತೊಡಗಿತು. ಗುನ್ವೋರ್‌ಳ ಮುಖ ಅರಳಿತು. "ನೋಡಿದ್ಯಾ? ನಿನ್ನ ದನಿ ಕೇಳಿಯೇ ಎದ್ದುಬಿಟ್ಟಳು."

ಸಿಗ್ನೆ ಆ ಅಳುವಿಗೆ ಕಿವಿಗೊಟ್ಟಳು. "ಇದು ಆಸ್ಲೌಗ್ ಅಲ್ಲ" ಎಂದಳು.

"ಏನು ಮಾತಂತ ಆಡ್ತೀಯ!"

ಸಿಗ್ನೆ ಬಗ್ಗಿ ಹೊದಿಕೆ ಕಿತ್ತಳು. ಕೆಂಪು ಟೊಪ್ಪಿಯ ಗುಂಡು ಮುಖದ ಗಂಡುಕೂಸು ಬಾಯಿ ತೆರೆದು ಅಳುತ್ತಿತ್ತು.

"ಅಜ್ಜಿ, ನನ್ನ ಮಗು ಎಲ್ಲಿ?"

ಗುನ್ವೋರ್ ಗಾಡಿಯ ಕಡೆ ನೋಡಿದಳು. ತುದಿಯ ಗಾಡಿ ಇದೇ ಆಗಿತ್ತು. ಅದನ್ನು ಅಲ್ಲಿ ಇಟ್ಟದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಹಾಗಾದರೆ ಆಸ್ಲೌಗ್ ಎಲ್ಲಿ ಹೋದಳು? ಬೇರೆ ಯಾರಾದರೂ ತನ್ನ ಹಾಗೆಯೇ ತಳ್ಳಿಕೊಂಡು ಹೋದರೇ? ಗಾಳಿಗೆ ಗಾಡಿ ಉರುಳಿ ಇಳಿಜಾರಿಗೆ ಬಂದಿತೇ? ದಾರಿಯ ಎರಡು ಬದಿಯ ನೀರು ಅವಳ ಕಣ್ಣೆದುರು ಬಂತು. ಕರ್ತನೇ ಎಂದಳು.

"ಹೇಳಿ ಅಜ್ಜಿ! ಎಲ್ಲಿ?"

ಮೇಲಿನಿಂದ ಲಾಂಚಿನ ಹುಡುಗಿಯೊಬ್ಬಳು ಕೂಗಿದಳು: "ಕ್ಯಾಪ್ಟನ್! ಪ್ರಾರ್ಥನಾಮಂದಿರದಿಂದ ಫೋನು. ಗೋಡೆ ಹತ್ರ ಇದ್ದ ಕೂಸಿನ ಗಾಡಿ ಒಂದು ಕಾಣ್ತಾ ಇಲ್ವಂತೆ. ಹತ್ತೋ ಕಾರೆಲ್ಲ ನೋಡ್ಬೇಕಂತೆ!"

"ಒಂದೇನಾ? ಎಷ್ಟು ಗಾಡಿ ಅಂತ ಕೇಳು!" ಸಿಗ್ನೆಯ ದನಿ ಒಡೆಯಿತು. "ಒಂದೋ ಎರಡೋ ಕೇಳು!"

ಹುಡುಗಿ ಉತ್ತರ ತರುವ ಮೊದಲೇ ಇಳಿಜಾರಿನ ತಿರುವಿನಲ್ಲಿ ಸೀವರ್ಟ್ ಕಾಣಿಸಿದ. ಕೋಟಿಲ್ಲ, ಏಪ್ರನ್ ಗಾಳಿಗೆ ಬಡಿಯುತ್ತಿತ್ತು. ಉಣ್ಣೆಯ ಅಂಗಿಯೊಳಗೆ ಆಸ್ಲೌಗ್‌ಳನ್ನು ಎದೆಗೆ ಅವುಚಿಕೊಂಡು ಓಡಿಬರುತ್ತಿದ್ದ. ಹಿಂದೆ ಯೋರುನ್. ಇಬ್ಬರೂ ಕಟ್ಟೆಯ ಕಡೆ ನೋಡುತ್ತಿರಲಿಲ್ಲ. ಒಬ್ಬರು ಈ ಬದಿಯ ನೀರನ್ನು, ಇನ್ನೊಬ್ಬರು ಆ ಬದಿಯ ನೀರನ್ನು ನೋಡುತ್ತ ಓಡುತ್ತಿದ್ದರು.

ಗಾಡಿ ಕಂಡ ಮೇಲೆ ಯೋರುನ್ ಓಡಲಿಲ್ಲ. ಒಂದೊಂದೇ ಹೆಜ್ಜೆ ನಡೆದು ಬಂದಳು. ಕೂಸನ್ನು ಎತ್ತಿ ಅದರ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಳು. ನಗುನಗುತ್ತ ಮಾತಾಡುವ ಹೆಂಗಸು, ಈಗ ಅವಳ ತುಟಿ ಬಿಳಿಚಿಕೊಂಡಿತ್ತು.

"ಯೋರುನ್, ನಾನು ಆಸ್ಲೌಗ್ ಅಂದ್ಕೊಂಡು..."

"ನೀರೊಳಗೆ ನೋಡ್ಕೊಂಡು ಬಂದೆ, ಗುನ್ವೋರ್" ಎಂದಳು ಯೋರುನ್. "ಅಲ್ಲಿಂದ ಇಲ್ಲೀವರೆಗೂ ನೀರೊಳಗೆ ನೋಡ್ಕೊಂಡು ಬಂದೆ." ಗಾಡಿಯನ್ನು ಒಂದು ಕೈಯಲ್ಲಿ ತಳ್ಳುತ್ತ ಮೇಲೆ ಹೊರಟುಹೋದಳು.

ಸಿಗ್ನೆ ಆಸ್ಲೌಗ್‌ಳ ತಲೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಸೀವರ್ಟ್ ಏದುಸಿರು ಬಿಡುತ್ತ, "ಗಾಳಿ ತಿರುಗ್ತು. ಹಿಮ ಗಾಡಿ ಕಮಾನಿನೊಳಗೆ ಬೀಳ್ತಾ ಇತ್ತು. ನಮ್ಮ ಗಾಡೀನ ಅಡಿಗೆಕೋಣೆ ಹಿಂಬಾಗಿಲ ಮರೆಗೆ ತಂದು ನಿಲ್ಲಿಸ್ದೆ" ಎಂದ. "ಯೋರುನ್ ತಡವಾಗಿ ಬಂದ್ಲು. ಖಾಲಿ ಇದ್ದ ತುದೀಲಿ ಅವಳ ಗಾಡಿ ನಿಲ್ಲಿಸಿದ್ಲು."

ಲಾಂಚು ಹೊರಡಬೇಕಿತ್ತು. ಸಿಗ್ನೆ ಅತ್ತೆಯ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಗುನ್ವೋರ್‌ಗೆ ಹೆಚ್ಚು ಚುಚ್ಚಿತು. "ಇಷ್ಟು ದೂರ ತಳ್ಕೊಂಡು ಬರೋ ಕೆಲಸವೇ ಇರಲಿಲ್ಲ ಅಜ್ಜಿ. ಬೆಳಿಗ್ಗೆನೇ ಕಂಪನಿಗೆ ಫೋನ್ ಮಾಡಿ ಹೌದು ಅಂದ್ಬಿಟ್ಟೆ." ಮೆಟ್ಟಿಲು ಹತ್ತಿದಳು. ಕಾರು ಹತ್ತಿಸುವ ಹಿಂದಿನ ಬಾಗಿಲು ಮೇಲೆದ್ದಿತು. ಲಾಂಚು ಒಮ್ಮೆ ಕೂಗಿ ಕಟ್ಟೆ ಬಿಟ್ಟಿತು.

ತಾಯಿ ಮಗ ಇಬ್ಬರೇ ಉಳಿದರು. ಪಕ್ಕದಲ್ಲಿ ಆಸ್ಲಾಕನ ದೋಣಿ ಹಗ್ಗವನ್ನು ಜಗ್ಗಿ ಬಿಟ್ಟು ಮಾಡುತ್ತಿತ್ತು.

"ನಗು ಬರ್ತಾ ಇಲ್ವಾ ಅಮ್ಮ?" ಎಂದ ಸೀವರ್ಟ್. "ಟೋರ್ಗೇರ್‌ಗೆ ಹೇಳು. ನಿನ್ನ ಮಣ್ಣಿನ ದಿನ ಕಾಫಿ ಜೊತೆ ಹೇಳ್ತಾನೆ, ಎಲ್ಲರೂ ನಗ್ತಾರೆ."

"ಹಾಗನ್ಬೇಡ್ವೋ."

"ನಾನು ಪಕ್ಕದಲ್ಲೇ ನಿಂತಿದ್ದೆ ಅಮ್ಮ. ಕೈ ಚಾಚಿದ್ದೆ. ಇದೇ ಜಾಗ."

ಗುನ್ವೋರ್ ಹಿಮ ಬಿದ್ದ ಹಲಗೆಗಳನ್ನು ನೋಡಿದಳು. ಸಿಗ್ನೆ ಹೊದಿಕೆ ಕಿತ್ತಾಗ ತನಗಾದ ಆ ಭಯ ಇನ್ನೂ ಇಳಿದಿರಲಿಲ್ಲ. ಬೇರೆ ಹುಡುಗನನ್ನು ಎತ್ತಿಕೊಂಡ ಆ ದಿನ ಆಸ್ಲಾಕನಿಗೂ ಹೀಗೇ ಆಗಿರಬೇಕು. ಅವನೂ ಎಲ್ಲರ ಜೊತೆ ನಕ್ಕಿದ್ದ. ನಗದೆ ಮತ್ತೇನು ಮಾಡಬೇಕಿತ್ತು ಅಷ್ಟು ಜನರ ಮುಂದೆ? ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವನು ಮಾತಾಡಿರಲಿಲ್ಲ. ಅವಳೂ ಕೇಳಿರಲಿಲ್ಲ. ಇದ್ದಕ್ಕಿದ್ದಂತೆ ಇನ್ನೊಂದು ನೆನಪಾಗಿ ಅವಳು ಮಗನ ತೋಳು ಹಿಡಿದಳು.

"ಸೀವರ್ಟ್, ಆ ವರ್ಷ ಆದ್ಮೇಲೆ ನಿಮ್ಮಪ್ಪ ಯಾವತ್ತೂ ಮೊದಲು ಇಳೀಲಿಲ್ಲ. ಎಲ್ಲರೂ ಇಳಿದ್ರೂ ಅವನು ದೋಣಿ ಮೇಲೇ ನಿಂತು ಹಗ್ಗ ಕಟ್ತಾ ಇರ್ತಿದ್ದ. ಕಟ್ಟಿದ ಹಗ್ಗಾನೇ ಬಿಚ್ಚಿ ಮತ್ತೆ ಕಟ್ತಿದ್ದ. ನಾನು ನಿನ್ನ ಕೈ ಹಿಡ್ಕೊಂಡು ಮುಂದೆ ಬಂದು ನಿಲ್ಲಿಸ್ತಿದ್ದೆನಲ್ಲ, ಆಮೇಲೇ ಇಳೀತಿದ್ದ."

"ಗೊತ್ತು. ಮಗನಿಗಿಂತ ಹಗ್ಗ ಮುಖ್ಯ ಅಂತ."

"ನಾನೂ ಅದನ್ನ ದೊಡ್ಡಸ್ತಿಕೆ ಅಂದ್ಕೊಂಡಿದ್ದೆ. ಅಲ್ಲ ಕಣೋ. ಯಾವ ಹುಡುಗ ಅಂತ ನಾನು ತೋರಿಸ್ಲಿ ಅಂತ ಕಾಯ್ತಾ ಇದ್ದ. ಹೆದರ್ಕೊಂಡಿದ್ದ."

ಸೀವರ್ಟ್ ದೋಣಿಯ ಮೂತಿಯನ್ನು, ಅಲ್ಲಿಂದ ಗೂಟಕ್ಕೆ ಬಂದಿದ್ದ ಹಗ್ಗವನ್ನು ನೋಡಿದ. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅಂಗಿಯೊಳಗಿನಿಂದ ಆಸ್ಲೌಗ್‌ಳನ್ನು ತೆಗೆದು ತಾಯಿಯ ಕಡೆ ಚಾಚಿದ.

"ದೋಣಿ ಮಾರೋದು ಮಾರೋದೇ" ಎಂದ.

"ಸರಿ" ಎಂದಳು ಗುನ್ವೋರ್. ಆದರೆ ಕೈ ಚಾಚಲಿಲ್ಲ. "ನನ್ನ ಕೈಗೆ ಕೊಡ್ತೀಯೇನೋ?"

"ನೋಡಿ ಎತ್ಕೋ, ಅಮ್ಮ."

ಅವಳು ನೋಡಿದಳು. ಎಡ ಹುಬ್ಬಿನ ತುದಿಯಲ್ಲಿ ಕೂದಲು ಸುಳಿದುಕೊಂಡಿತ್ತು, ಕೆಳದುಟಿ ಒಳಗೆ ಮಡಿಚಿತ್ತು. ಇದನ್ನೆಲ್ಲ ಅವಳು ಮೊದಲೇ ಕಂಡಿರಬೇಕು, ಆದರೆ ಕಂಡ ನೆನಪಿರಲಿಲ್ಲ. ಮೇಲೆ ಪ್ರಾರ್ಥನಾಮಂದಿರದಲ್ಲಿ ಎಲ್ಲರೆದುರು ಯೋರುನ್‌ಳ ಮುಂದೆ ನಿಲ್ಲುವುದು ಇನ್ನೂ ಬಾಕಿಯಿತ್ತು. ಗಾಳಿಗೆ ಬೆನ್ನು ಕೊಟ್ಟು ಅವಳು ಕೂಸನ್ನು ಎತ್ತಿಕೊಂಡಳು. ಮಗ ಏಪ್ರನ್ನಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಅವನು ಮುಗಿಸುವವರೆಗೆ ಅವಳು ಕಡಲಿನ ಕಡೆ ತಿರುಗಿ ನಿಂತಳು.