ಗೋಡೆ ಮೇಲಿನ ಫೋಟೋ

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಕೆಲಸದ ಹೊತ್ತಿನಲ್ಲಿ ಹೆಂಗಸರು ನೀರು ಕುಡಿಯುತ್ತಿರಲಿಲ್ಲ. ನೀರಿಗೇನೂ ಬರವಿರಲಿಲ್ಲ. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆಗಳ ಮೇಲೆ ಹಗಲಿಡೀ ನಲ್ಲಿ ಸುರಿಯುತ್ತಲೇ ಇರುತ್ತಿತ್ತು. ಬಿಸಿ ಹಬೆಗೆ ಗಂಟಲು ಒಣಗಿ ಕಟ್ಟಿಗೆಯಾಗುತ್ತಿತ್ತು. ಆದರೆ ನೀರು ಕುಡಿದರೆ ಪಾಯಿಖಾನೆಗೆ ಹೋಗಬೇಕು. ಪಾಯಿಖಾನೆಗೆ ಬೀಗ. ಬೀಗದ ಕೈ ಮೇಸ್ತ್ರಿಯ ಜೇಬಿನಲ್ಲಿ. ಕೇಳಲು ಹೋದವಳನ್ನು ಅವನು ಮೇಲಿಂದ ಕೆಳಗೆ ನೋಡಿ, "ಏನಕ್ಕೆ?" ಎಂದು ಎಲ್ಲರ ಕಿವಿಗೂ ಬೀಳುವ ಹಾಗೆ ಕೇಳುತ್ತಿದ್ದ. ಏನಕ್ಕೆ ಅಂತ ಹೇಳುವುದು?

ಇಸ್ತ್ರಿ ಯಂತ್ರದ ಮುಂದೆ ನಿಲ್ಲುವವಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಸಂಜೆ ಹೊತ್ತಿಗೆ ಅವಳ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಬಟ್ಟೆ ಮಡಿಚುವವಳು ದೊಡ್ಡಕ್ಕ. ದೇಹಕ್ಕೆ ವಯಸ್ಸಾಗಿತ್ತು, ಬಾಯಿಗಲ್ಲ. ಇಸ್ತ್ರಿಯಕ್ಕನಿಗೆ ಕೈ ಸುಟ್ಟುಕೊಳ್ಳದೆ ಕೆಲಸ ಮಾಡಲು ಕಲಿಸಿದವಳು ಅವಳೇ.

ಒಂದು ದಿನ ಮ್ಯಾನೇಜರು ಎಲ್ಲರನ್ನೂ ಸೇರಿಸಿ ಯಾರೋ ಮೇಡಂ ಕೈಲಿ ಭಾಷಣ ಮಾಡಿಸಿದ. "ನಿಮ್ಮನ್ನ ನೀವೇ ಮೆಚ್ಕೊಳ್ಳಿ. ಕನ್ನಡಿ ಮುಂದೆ ನಿಂತು, ನಾನು ಯಾರಿಗೂ ಕಮ್ಮಿ ಇಲ್ಲ ಅಂತ ದಿನಾ ಹೇಳ್ಕೊಳ್ಳಿ" ಎಂದಳು ಆಕೆ.

"ಕನ್ನಡಿ ಇರೋದು ಪಾಯಿಖಾನೇಲಿ. ಬೀಗ ತೆಗೆಸಿ, ಹೇಳ್ಕೊಂಡೇ ಬರ್ತೀವಿ" ಎಂದು ದೊಡ್ಡಕ್ಕ ಗೊಣಗಿದಳು. ಸುತ್ತಲಿನವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಆಮೇಲೆ, ತಿಂಗಳ ಒಳ್ಳೆಯ ಕೆಲಸಗಾರ್ತಿ ಎಂದು ಇಸ್ತ್ರಿಯಕ್ಕನ ಫೋಟೋ ಬಾಗಿಲ ಪಕ್ಕದ ಗೋಡೆಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಕಾವಲು ಕೆಲಸಕ್ಕೆ ಹೊರಟಿದ್ದವನು ಹೊಸ್ತಿಲಲ್ಲೇ ನಿಂತು, "ಇನ್ಮೇಲೆ ನಿನ್ನ ಹತ್ರ ಮಾತಾಡ್ಬೇಕಂದ್ರೆ ಮೊದಲೇ ಹೇಳಿ ಕಳಿಸ್ಬೇಕೇನೋ!" ಎಂದ. ಸುಳ್ಳೇಕೆ, ಅವತ್ತು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಭೇಷ್ ಅಂದವರೇ ಇರಲಿಲ್ಲ.

ಮೇಸ್ತ್ರಿಯೂ ಬದಲಾದ. ಅವಳು ಹೋದರೆ ಮಾತಿಲ್ಲದೆ ಬೀಗದ ಕೈ ಕೊಡತೊಡಗಿದ. ಅವಳು ನೀರು ಕುಡಿಯತೊಡಗಿದಳು. ಉಳಿದವರ ಒಣಗಿದ ತುಟಿ ಕಾಣುತ್ತಿತ್ತು. ಕಂಡೂ ಕಾಣದ ಹಾಗೆ ಇರುವುದನ್ನೂ ಕಲಿತಳು.

ಒಂದು ಮಧ್ಯಾಹ್ನ ದೊಡ್ಡಕ್ಕ ಮೇಸ್ತ್ರಿಯ ಕುರ್ಚಿಯ ಮುಂದೆ ಹೋಗಿ ನಿಂತಳು.

"ಈಗ ತಾನೆ ಹೋಗಿದ್ಯಲ್ಲ! ನೀನೇನು ಹೆಂಗಸೋ, ತೂತು ಬಿಂದಿಗೆಯೋ?"

ಲಾರಿಗೆ ಗಂಟು ತುಂಬಲು ಬಂದಿದ್ದ ಗಂಡಸರು ಹೋ ಎಂದು ನಕ್ಕರು. ಮೇಸ್ತ್ರಿ ಇಸ್ತ್ರಿಯಕ್ಕನ ಕಡೆ ತಿರುಗಿ, ಹೇಗಿತ್ತು ಎನ್ನುವಂತೆ ಹುಬ್ಬು ಹಾರಿಸಿದ. ಅವಳ ತುಟಿಯೂ ಒಂದಿಷ್ಟು ಬಿರಿಯಿತು.

ದೊಡ್ಡಕ್ಕ ಹಿಂದಿರುಗಿ ಬಂದು ಮಡಿಚತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಕಾಲಡಿಯ ನೆಲ ಒದ್ದೆಯಾಯಿತು.

"ಥೂ! ನೀನೇ ಒರೆಸು" ಎಂದ ಮೇಸ್ತ್ರಿ.

ಅವಳು ಮೊಣಕಾಲೂರಿ ಒರೆಸಿದಳು. ಇಸ್ತ್ರಿಯಕ್ಕ ಓಡಿಬಂದು ಕೈಯಿಂದ ಬಟ್ಟೆ ಕಸಿಯಲು ಹೋದಾಗ, "ಬಿಡೇ, ನಿನ್ನ ಕೆಲಸ ನೋಡು" ಎಂದಳಷ್ಟೆ. ಒರೆಸಿ, ಕೈ ತೊಳೆದು, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಮರುದಿನ ದೊಡ್ಡಕ್ಕ ಬರಲಿಲ್ಲ. ಹೆಂಗಸರು ಯಂತ್ರ ಮುಟ್ಟದೆ ಗುಸುಗುಸು ಮಾಡುತ್ತ ನಿಂತರು. ಮ್ಯಾನೇಜರು ಇಸ್ತ್ರಿಯಕ್ಕನನ್ನು ಒಳಗೆ ಕರೆಸಿದ.

"ನೀನು ತಿಳಿದವಳು. ನಿನ್ನ ಮಾತು ಕೇಳ್ತಾರೆ. ಬೀಗ ತೆಗೆಸಿಬಿಡ್ತೀನಿ. ಆ ಮುದುಕಿಗೆ ಏನೋ ಕಾಯಿಲೆ ಇತ್ತು ಅಂತ ಹೇಳಿ ಮುಗಿಸು. ಮುಂದೆ ನೀನೇ ಇವರಿಗೆಲ್ಲ ಮೇಲಿನವಳಾಗ್ತೀಯ."

ಕಾಯಿಲೆಯ ಮಾತು ಅವಳ ಬಾಯಿಂದ ಬರಲಿಲ್ಲ. ಮ್ಯಾನೇಜರೇ ಹೊರಗೆ ಬಂದು ಹೇಳಿದ. ಅವಳು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು. ಬೀಗ ತೆಗೆದರು. ಯಂತ್ರಗಳು ಶುರುವಾದವು.

ಸಂಜೆ ದೊಡ್ಡಕ್ಕನ ಮನೆಗೆ ಹೋದಳು. ಒಂದೇ ಕೋಣೆ. ದೊಡ್ಡಕ್ಕ ಗೋಡೆಗೊರಗಿ ತರಕಾರಿ ಹೆಚ್ಚುತ್ತಿದ್ದಳು.

"ಬೀಗ ತೆಗೆದ್ರು ದೊಡ್ಡಕ್ಕ. ನಾಳೆಯಿಂದ ಬಾ."

"ಮೇಸ್ತ್ರಿ ಏನಂದ?"

"ಅವನೇನಂತಾನೆ, ಸುಮ್ನಿದ್ದಾನೆ."

"ಹಾಗಾದ್ರೆ ನಾನು ಬರಲ್ಲ."

"ಹೊಟ್ಟೆಪಾಡು?"

"ಅದೂ ಇದ್ದೇ ಇದೆ. ಹೊಟ್ಟೆ ಅಂತ ನೋಡ್ಕೊಂಡೇ ನಿನ್ನೆ ಮೊಣಕಾಲೂರಿದ್ದು."

ಇಸ್ತ್ರಿಯಕ್ಕ ಅವಳ ಪಕ್ಕ ಕೂತಳು. "ಫೋಟೋ ಹಾಕಿದಾಗ, ನಂಗೂ ಒಂದು ಮರ್ಯಾದೆ ಅಂತ ಬಂತು ಅಂದ್ಕೊಂಡಿದ್ದೆ."

"ಅದು ಹೊಗಳಿಕೆ ಕಣೇ. ಚೆನ್ನಾಗೇ ಇರತ್ತೆ, ಯಾರು ಬೇಡ ಅಂತಾರೆ? ಆದ್ರೆ ಕೊಟ್ಟೋರು ಬೇಕಾದಾಗ ಕಿತ್ಕೊಳ್ತಾರೆ. ಮರ್ಯಾದೆ ಯಾರೂ ಕೊಡೋದಲ್ಲ. ಇದಕ್ಕಿಂತ ಕೆಳಗೆ ಇಳಿಯಲ್ಲ ಅಂತ ನಿಲ್ತೀವಲ್ಲ, ಅದು. ಒರೆಸೋಕೆ ಮುಂಚೆ ನಿಲ್ಬೇಕಿತ್ತು ನಾನು. ತಡ ಆಯ್ತು."

"ನಾನು ನಕ್ಕೆ ದೊಡ್ಡಕ್ಕ."

"ನೋಡ್ದೆ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಇಸ್ತ್ರಿಯಕ್ಕ ತನ್ನ ಯಂತ್ರದ ಹತ್ತಿರ ಹೋಗಲಿಲ್ಲ. ನೇರ ಮೇಸ್ತ್ರಿಯ ಮುಂದೆ ನಿಂತಳು.

"ದೊಡ್ಡಕ್ಕನ ಮನೆ ಇಲ್ಲೇ ಹತ್ರ. ನಡಿ, ತೋರಿಸ್ತೀನಿ. ತಪ್ಪಾಯ್ತು ಅಂತ ಹೇಳಿ ಬಾ."

"ಬೀಗ ತೆಗೆದಾಯ್ತಲ್ಲ, ಇನ್ನೇನು ನಿಮ್ದು?"

"ಬೀಗ ತೆಗೆದಿದ್ದು ಸರಿ. ಆಡಿದ ಮಾತು ಹಾಗೇ ಇದೆಯಲ್ಲ. ಅವಳಿಗೆ ಕಾಯಿಲೆ ಇರ್ಲಿಲ್ಲ. ನಿನ್ನೆ ನಾನು ಹೇಳ್ಬೇಕಿತ್ತು, ಇವತ್ತು ಹೇಳ್ತಿದ್ದೀನಿ."

ಗಲಾಟೆಗೆ ಮ್ಯಾನೇಜರು ಓಡಿಬಂದ. "ತಲೆ ಮೇಲೆ ಕೂರಿಸ್ಕೊಂಡಿದ್ದಕ್ಕೆ ಈ ಸೊಕ್ಕು!"

"ಇಳಿಸಿ ಸಾರ್. ನೆಲದ ಮೇಲೆ ಕೂತ್ಕೋತೀನಿ."

ಹೇಳಿದಂತೆ ಅಲ್ಲೇ ಕೂತಳು. ಬಟ್ಟೆ ಹಿಂಡುವವಳು ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಇನ್ನೊಬ್ಬಳು. ಯಾರೂ ಕೂಗಲಿಲ್ಲ, ಕೂಗುವಷ್ಟು ತ್ರಾಣ ಯಾರಲ್ಲೂ ಇರಲಿಲ್ಲ. ವರ್ಷಗಟ್ಟಲೆ ನಿಂತ ಕಾಲುಗಳು ಆ ನೆಲದ ಮೇಲೆ ಮೊದಲ ಸಲ ನೀಡಿಕೊಂಡವು. ಒಬ್ಬಳಂತೂ ಪಕ್ಕದವಳ ಹೆಗಲಿಗೆ ಒರಗಿ ನಿದ್ದೆಯೇ ಹೋದಳು. ಹೊರಗೆ ಕೊಳೆಬಟ್ಟೆಯ ಲಾರಿಗಳು ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿದ್ದವು.

ಮೇಸ್ತ್ರಿ ಕುರ್ಚಿ ಬಿಟ್ಟು ಏಳಲಿಲ್ಲ.

ಹೆಂಗಸರೂ ಏಳಲಿಲ್ಲ.