ಛಾವಣಿಯ ಚಿತ್ರವಿದ್ದ ಸಂಚಿಕೆ

ಬಂದವನು ಪುಟವನ್ನು ಮೇಲಿನ ಮೂಲೆಯಿಂದ ಎತ್ತಿ, ಅಡಿಗೆ ಅಂಗೈ ಕೊಟ್ಟು ಮಗುಚಿದ. ಅಷ್ಟು ನೋಡಿದ್ದೇ ತಡ, ಊ ಸಾನ್ ಟಿನ್ ಮೇಷ್ಟರಿಗೆ ಇವನು ತಮ್ಮ ಪೈಕಿಯವನೇ ಎನಿಸಿಬಿಟ್ಟಿತು. ಹಳೆಯ ಪತ್ರಿಕೆಯ ಬೆಲೆ ಗೊತ್ತಿಲ್ಲದವರು ಬೆರಳಿಗೆ ಎಂಜಲು ಹಚ್ಚಿ ಎಳೆಯುತ್ತಾರೆ. ಇವನು ಕಾಗದವನ್ನು ಮೂಸಿಯೂ ನೋಡಿದ.

"ಕ್ರಾಂತಿ ಸುದ್ದಿ ಪಕ್ಕದಲ್ಲೇ ಕೂದಲೆಣ್ಣೆ ಜಾಹೀರಾತು ನೋಡಿ," ಮೇಷ್ಟರು ಉತ್ಸಾಹದಿಂದ ಬಾಗಿದರು. "ಇತಿಹಾಸದ ಪುಸ್ತಕ ಆಮೇಲೆ ಬರೆದದ್ದು. ಇದು ಅವತ್ತೇ ಬರೆದದ್ದು, ನಾಳೆ ಏನಾಗುತ್ತೋ ಗೊತ್ತಿಲ್ಲದೆ!"

ಯಾಂಗೋನಿನ ಆ ಮೂರನೇ ಮಹಡಿಯ ಮನೆಯಲ್ಲಿ ಮಂಚದಡಿ, ಅಟ್ಟದ ಮೇಲೆ, ಅಕ್ಕಿ ಡಬ್ಬದ ಹಿಂದೆ, ಎಲ್ಲೆಲ್ಲೂ ಪತ್ರಿಕೆಗಳೇ. ಹೆಂಡತಿ ಡಾವ್ ನ್ವೆ ಯಿ ಚಹಾ ತಂದಿಟ್ಟು, ಬಾಗಿಲ ಬಳಿ ಕೂತಳು.

"ಮೇಷ್ಟ್ರೇ, ಎಂಬತ್ತೆಂಟರ ಆ ಛಾವಣಿ ಚಿತ್ರದ ಸಂಚಿಕೆ ಇದೆಯಾ?" ಬಂದವನು ಕೇಳಿದ.

ಆ ವರ್ಷ ಸೈನ್ಯದ ಆಳ್ವಿಕೆಯ ವಿರುದ್ಧ ಜನ ಬೀದಿಗಿಳಿದಾಗ, ಕೆಲವೇ ವಾರ, ಯಾರ ಅಪ್ಪಣೆಯೂ ಇಲ್ಲದೆ ಪತ್ರಿಕೆಗಳು ಅಚ್ಚಾಗಿದ್ದವು. ಒಂದರಲ್ಲಿ, ಛಾವಣಿಯಿಂದ ಗುಂಪಿನತ್ತ ಗುಂಡು ಹಾರಿಸುತ್ತಿದ್ದ ಎಳೆಯ ಅಧಿಕಾರಿಯೊಬ್ಬನ ಮುಖ ಸ್ಪಷ್ಟವಾಗಿ ಬಿದ್ದಿತ್ತು. ಆ ಮುಖ ಈಗ ದಪ್ಪಗಾಗಿ, ಸೈನ್ಯ ಮತ್ತೆ ಗದ್ದುಗೆ ಹಿಡಿದ ಮೇಲೆ ದಿನಾ ಟೀವಿಯಲ್ಲಿ ಬರುತ್ತದೆ.

"ನನ್ನ ಹತ್ತಿರ ಇಲ್ಲಪ್ಪ," ಎಂದರು ಮೇಷ್ಟರು. ಅದು ನಿಜವೇ.

ಅವನು ನಕ್ಕ. "ಇರಲ್ಲ ಬಿಡಿ. ಅಂಥ ಸಂಚಿಕೆ ಬಂದೇ ಇಲ್ಲ. ಸಂಗ್ರಹ ಮಾಡೋರು ಕಟ್ಟಿದ ಕಥೆ."

ಮೇಷ್ಟರಿಗೆ ಮೂಗಿನ ತುದಿಯಲ್ಲೇ ಕೋಪ. "ಕಥೆಯೇ? ಈ ಕಣ್ಣಾರೆ ನೋಡಿದೀನ್ರೀ! ಮಾಂಡಲೆಯ ಟುನ್ ಯಿನ್ ಹತ್ತಿರ ಇದೆ. ದೇಶಕ್ಕೆಲ್ಲ ಅದೊಂದೇ ಪ್ರತಿ!"

"ಹೌದಾ," ಎಂದ ಬಂದವನು. ಚಹಾ ಮುಗಿಸಿ, ಕೈಮುಗಿದು ಹೊರಟುಹೋದ.

ಮಧ್ಯಾಹ್ನದ ಊಟಕ್ಕೆ ಕೂತಾಗ ಡಾವ್ ನ್ವೆ ಯಿ ಕೇಳಿದಳು, "ಏನೂ ಕೊಳ್ಳಲೇ ಇಲ್ವಲ್ಲ ಅವನು?"

"ಎಲ್ಲರೂ ಕೊಳ್ಳಲೇಬೇಕೇನೇ? ಕಾಗದ ಹಿಡಿಯೋದು ನೋಡ್ಬೇಕಿತ್ತು ನೀನು."

"ನಾನು ಕಾಲು ನೋಡ್ದೆ." ಅವಳು ದನಿ ತಗ್ಗಿಸಿದಳು. "ನಮ್ಮ ಗಂಡಸರ ಪಾದದ ಮೇಲೆ ಚಪ್ಪಲಿ ಪಟ್ಟಿ ಗುರುತು ಇರಲ್ವಾ? ಅವನ ಕಾಲು ಲುಂಗಿ ಅಂಚಿನವರೆಗೂ ಮೀನಿನ ಹೊಟ್ಟೆ ಹಾಗೆ ಬಿಳಿಚಿತ್ತು. ವರ್ಷಪೂರ್ತಿ ಬೂಟು ಹಾಕೋ ಕಾಲು ಅದು."

ಮೇಷ್ಟರು ತುತ್ತನ್ನು ತಟ್ಟೆಗೇ ಹಾಕಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಲವತ್ತು ವರ್ಷದ ಗೆಳೆಯನ ಹೆಸರನ್ನೂ ಊರನ್ನೂ ಒಂದು ಲೋಟ ಚಹಾದ ಜೊತೆ ಕೊಟ್ಟು ಕಳಿಸಿದ್ದರು. ಕೈ ತೊಳೆಯದೆಯೇ ಫೋನು ಹಚ್ಚಿದರು. ಕದ್ದು ಕೇಳುವವರಿರುತ್ತಾರೆ, ಬಿಡಿಸಿ ಹೇಳುವ ಹಾಗಿಲ್ಲ.

"ಟುನ್ ಯಿನ್, ನಿನ್ನ ಕಪಾಟಿಗೆ ಗೆದ್ದಲು ಹತ್ತಿದೆ ಕಣೋ. ಆ ಒಂದನ್ನ ಈಗಲೇ ಒಲೆಗೆ ಹಾಕು."

"ಯಾವ ಒಂದು? ಅದಾ?" ಆ ಕಡೆಯಿಂದ ಗಹಗಹಿಸಿ ನಗು. "ಇಪ್ಪತ್ತು ವರ್ಷದಿಂದ ಕೊಡು ಕೊಡು ಅಂತ ಪ್ರಾಣ ತಿಂದೆ. ನಿನಗೆ ಸಿಗಲಿಲ್ಲ ಅಂತ ಈಗ ನನ್ನದನ್ನೂ ಸುಡಬೇಕಾ? ಎಂಥಾ ಹೊಟ್ಟೆಕಿಚ್ಚಪ್ಪಾ ನಿಂದು!"

"ತಮಾಷೆ ಅಲ್ವೋ. ನಿನ್ನ ಕಾಲಿಗೆ ಬೀಳ್ತೀನಿ. ಸುಡು, ಎದ್ದು ಮಗಳ ಮನೆಗೆ ಹೋಗು."

"ಅಳ್ತಾ ಇದ್ದೀಯೇನೋ?" ಟುನ್ ಯಿನ್‌ನ ನಗು ನಿಂತಿತು. "ಏನಾಯ್ತೋ? ತಾಳು, ಯಾರೋ ಬಾಗಿಲು ತಟ್ತಿದಾರೆ."

"ತೆಗೀಬೇಡ!" ಮೇಷ್ಟರು ಕೂಗಿದರು. ಆ ಕಡೆ ಫೋನು ಆಗಲೇ ಮೇಜಿನ ಮೇಲೆ ಕೂತಿತ್ತು.

ದೂರದಲ್ಲಿ ಅಗುಳಿ ಸರಿದ ಸದ್ದು. ಆಮೇಲೆ ಟುನ್ ಯಿನ್‌ನ ಉಬ್ಬಿದ ದನಿ.

"ಓ, ಸಾನ್ ಟಿನ್ ಮೇಷ್ಟರು ಕಳಿಸಿದ್ರಾ? ಹಾಗಂತ ಮೊದಲೇ ಹೇಳಬಾರದಾ, ಬನ್ನಿ ಬನ್ನಿ! ಲೇ, ಚಹಾ ತಾರೇ. ಒಂದಲ್ಲ, ನಾಲ್ಕು ಲೋಟ ತಾ."