ಜರ್ಮನ್‌ನಲ್ಲಿ ಆಡಿದರೆ ಮಾತಲ್ಲ

ಸೊಸೆಯೊಂದಿಗೆ ಇನ್ನು ಒಂದಕ್ಷರವೂ ಆಡುವುದಿಲ್ಲ ಎಂದು ಮಾವ ಶಪಥ ಮಾಡಿದ್ದರು. ಅಚ್ಚುಕೂಟದಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು ಅವರು. ತಿದ್ದಿದ ಹಾಳೆಗಳನ್ನೆಲ್ಲ ಕಟ್ಟು ಕಟ್ಟಿ ಮಂಚದ ಕೆಳಗೆ ಪೇರಿಸಿಟ್ಟಿದ್ದರು. ಜಿರಲೆ ಕಾಟ ತಾಳಲಾರದೆ ಸೊಸೆ ಅಷ್ಟನ್ನೂ ರದ್ದಿಯವನಿಗೆ ಕೊಟ್ಟುಬಿಟ್ಟಳು. ಅಂದಿನಿಂದ ಮಾತೆಲ್ಲ ಮಗನ ಮೂಲಕ.

"ನಿನ್ನ ಹೆಂಡ್ತಿಗೆ ಹೇಳು, ಚಹಾಕ್ಕೆ ಸಕ್ಕರೆ ಕಮ್ಮಿ."

"ನಿಮ್ಮಪ್ಪಂಗೆ ಹೇಳಿ, ಡಾಕ್ಟ್ರೇ ಕಮ್ಮಿ ಮಾಡೋಕೆ ಹೇಳಿದ್ದಾರೆ."

ಇಬ್ಬರ ನಡುವೆ ಒಂದು ಮಾರು ದೂರ. ಮಗ ಬಾಯಿ ತೆರೆಯುವ ಮೊದಲೇ ಸುದ್ದಿ ಮುಟ್ಟಿರುತ್ತಿತ್ತು.

ನಿಜ ಹೇಳಬೇಕೆಂದರೆ ಮಾವನ ಸಿಟ್ಟು ಮೂರನೇ ದಿನಕ್ಕೇ ಇಳಿದಿತ್ತು. ಮಗನೋ ಮಾತಿಗೆ ಬರಗಾಲದವನು. ಮನೆಯಲ್ಲಿ ಹರಟೆಗೆ ಸಿಗುತ್ತಿದ್ದವಳು ಅವಳೊಬ್ಬಳೇ. ಅವಳ ಮಾತಿಲ್ಲದೆ ಹೊತ್ತೇ ಹೋಗುತ್ತಿರಲಿಲ್ಲ. ಆದರೆ ಮೊದಲು ಬಾಯಿ ಬಿಟ್ಟವರು ಸೋತ ಹಾಗೆ. ಮಾವ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ.

ಅಷ್ಟರಲ್ಲಿ ಸೊಸೆ ಕೆಲಸ ಮಾಡುವ ಹೋಟೆಲಿಗೆ ಜರ್ಮನ್ ಅತಿಥಿಗಳು ಹೆಚ್ಚಾಗಿ, ಸ್ವಾಗತದ ಮೇಜಿನವರಿಗೆಲ್ಲ ಕುಶಲ ಕೇಳುವಷ್ಟು ಜರ್ಮನ್‌ನಲ್ಲಿ ಪರೀಕ್ಷೆ ಎಂದರು ಮ್ಯಾನೇಜರು. ಬೆಳಗಾದರೆ ಅಡುಗೆಮನೆಯಲ್ಲಿ ಫೋನಿನ ಜರ್ಮನ್ ಪಾಠ ಕೇಳುವುದು, "ವೀ ಗೇಟ್ ಎಸ್ ಈನನ್?" ಹೇಗಿದ್ದೀರಿ ಎಂದು. ಸೊಸೆ ಈರುಳ್ಳಿ ಹೆಚ್ಚುತ್ತಲೇ "ಗೂಟ್... ಗೂಟ್..." ಎನ್ನುವಳು. ಚೆನ್ನಾಗಿದ್ದೇನೆ ಎಂಬಲ್ಲಿಗೆ ಬಂಡಿ ನಿಲ್ಲುತ್ತಿತ್ತು. ಒಂದು ದಿನ ಮೂರನೇ ಸಲವೂ ಅಲ್ಲೇ ನಿಂತಾಗ, ಪಡಸಾಲೆಯಲ್ಲಿ ಪೇಪರ್ ಹಿಡಿದಿದ್ದ ಮಾವನಿಗೆ ತಡೆಯಲಾಗಲಿಲ್ಲ. ಅರ್ಧ ವಾಕ್ಯ ಕಂಡರೆ ಅವರ ಕೈ ತುರಿಸುತ್ತಿತ್ತು; ಫೋನಿನ ಪಾಠವೋ ದಿನಾ ಕೇಳಿ ಬಾಯಿಪಾಠವಾಗಿತ್ತು.

"ಡಾಂಕ! ಉಂಡ್ ಈನನ್?" ಎಂದು ಕೂಗಿಬಿಟ್ಟರು. ಧನ್ಯವಾದ, ನೀವು ಹೇಗಿದ್ದೀರಿ?

ಈರುಳ್ಳಿ ಹೆಚ್ಚುವ ಸದ್ದು ನಿಂತಿತು.

"ಜರ್ಮನ್‌ನಲ್ಲಿ ಆಡಿದ್ರೆ ಅದು ಮಾತಲ್ಲ" ಎಂದು ಮಾವ ಪೇಪರಿಗೆ ತಿಳಿಸಿದರು.

ಅಲ್ಲಿಂದ ಶುರುವಾಯಿತು. "ಗೂಟನ್ ಮೊರ್ಗನ್" ಎಂಬ ಶುಭೋದಯದೊಂದಿಗೆ ಚಹಾ ಬರುವುದು, "ಡಾಂಕ" ಎಂದು ಲೋಟ ಹಿಂದಿರುಗುವುದು. ಇಬ್ಬರದೂ ಸೇರಿ ಬಂಡವಾಳ ಆರೇ ಮಾತು; ನಲ್ಲಿ ಸೋರುತ್ತಿದೆ ಎನ್ನಲು ಮಗನೇ ಬೇಕು. ಹಲ್ಲುನೋವಿಗೆ ಕೆನ್ನೆ ಊದಿದ ದಿನವೂ ಮಾವ "ಗೂಟ್" ಎಂದೇ ಅಂದರು. ಪಾಠದಲ್ಲಿ ಬೇರೆ ಉತ್ತರ ಇರಲಿಲ್ಲ.

ಪರೀಕ್ಷೆಯ ದಿನ ಸಂಜೆ ಐದಕ್ಕೆ ಬರಬೇಕಾದವಳು ಆರೂವರೆಯಾದರೂ ಇಲ್ಲ. ಮಾವ ಕಿಟಕಿಗೂ ಬಾಗಿಲಿಗೂ ಹತ್ತು ಸಲ ಓಡಾಡಿದರು. ಕೊನೆಗೆ ಬಂದವಳು ಚಪ್ಪಲಿ ಕಳಚಿ, ಗೋಡೆಗೆ ಒರಗಿ ನೆಲದ ಮೇಲೇ ಕುಸಿದಳು. ಪರೀಕ್ಷೆ ಏನಾಯಿತು ಎಂದು ಕೇಳುವಷ್ಟು ಜರ್ಮನ್ ಮಾವನ ಹತ್ತಿರ ಇರಲಿಲ್ಲ. ಇದ್ದದ್ದನ್ನೇ ಕೇಳಿದರು.

"ವೀ ಗೇಟ್ ಎಸ್ ಈನನ್?"

"ನಿಖ್ಟ್ ಗೂಟ್" ಎಂದಳು ಸೊಸೆ, ತಲೆಯೆತ್ತದೆ. ಚೆನ್ನಾಗಿಲ್ಲ.

ಇದಕ್ಕೆ ಏನನ್ನಬೇಕೆಂದು ಫೋನು ಹೇಳಿಕೊಟ್ಟಿರಲಿಲ್ಲ. ಮಾವ ಕನ್ನಡಕ್ಕೇ ಇಳಿದರು.

"ಯಾಕಮ್ಮ? ಏನಾಯ್ತು? ಆ ಮ್ಯಾನೇಜರ್ ಏನಾದ್ರೂ ಅಂದನಾ? ಅವನ ಹೋಟ್ಲಿಗಷ್ಟು ಬೆಂಕಿ ಹಾಕ! ನಿನ್ನಷ್ಟು ಚೆನ್ನಾಗಿ ಯಾರು ಮಾತಾಡ್ತಾರೆ ಅಲ್ಲಿ?"

"ಪಾಸಾದೆ ಮಾವ. ಸರದಿಗೆ ಕಾದು ಇಡೀ ದಿನ ನಿಂತು ಕಾಲು ನೋವು, ಅಷ್ಟೇ."

"ಅಪ್ಪ, ನೀವು ಸೋತ್ರಿ" ಎಂದ ಮಗ.

"ನೀನು ಸುಮ್ನಿರೋ. ಹೋಗಿ ಅವಳ ಕಾಲಿಗೆ ಬಿಸಿನೀರು ಕಾಯ್ಸು."

ಮಾವ ಕುರ್ಚಿಯನ್ನು ಸೊಸೆಯ ಪಕ್ಕಕ್ಕೆ ಎಳೆದುಕೊಂಡು ಕೂತರು.

"ಹೂಂ, ಹೇಳು ಈಗ. ಮೊದಲಿಂದ ಹೇಳು. ಏನೇನು ಕೇಳಿದ್ರು?"